26 ಯಾಕೆ, 30 ಯಾಕಲ್ಲ? ಕೆಲಸದ ಜೊತೆಗೆ ಎಚ್‌ಆರ್ ಎಂಬಿಎ ಓದಿದ ನನ್ನ ಅನುಭವ

ಪೀಣ್ಯದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ, ಅಂದರೆ ಹಾಜರಿ, ಸಂಬಳದ ಲೆಕ್ಕ ನೋಡುವ ಕಡೆ, ನನ್ನ ಕೆಲಸ. ಕೆಲಸ ಬಿಟ್ಟು ಹೋಗುವವರಿಂದ ಗ್ರಾಚ್ಯುಟಿ (ದುಡಿದ ವರ್ಷಗಳ ಲೆಕ್ಕದಲ್ಲಿ ಕಂಪನಿ ಕೊಡುವ ಇಡುಗಂಟು) ಶೀಟಿಗೆ ಸಹಿ ಹಾಕಿಸಿಕೊಳ್ಳುವುದು ವರ್ಷಾನುಗಟ್ಟಲೆ ನನ್ನ ಪಾಲಿನದೇ. ಹಾಗಿದ್ದೂ ಎಂಬಿಎಗೆ ಸೇರಿದ ಮೊದಲ ವರ್ಷ, ಅಸೈನ್‌ಮೆಂಟಿನಲ್ಲಿ ಗ್ರಾಚ್ಯುಟಿ ಲೆಕ್ಕವನ್ನೇ ತಪ್ಪು ಮಾಡಿದೆ.

ಬೇಸಿಕ್ಕು, ಡಿಎ ಸೇರಿ 13,000 ರೂಪಾಯಿ. ಸರ್ವಿಸ್ 7 ವರ್ಷ. ತಿಂಗಳಿಗೆ 30 ದಿನ ಅಂತ ಭಾಗಿಸಿ, ವರ್ಷಕ್ಕೆ 15 ದಿನದ ಸಂಬಳ ಅಂತ 15ರಿಂದ ಗುಣಿಸಿ, ಅದನ್ನು 7ರಿಂದ ಗುಣಿಸಿ 45,500 ಅಂತ ಬರೆದೆ. ತಿದ್ದಿದವರು ನನ್ನ 30ರ ಸುತ್ತ ಕೆಂಪು ಇಂಕಿನಲ್ಲಿ ಸುತ್ತು ಹಾಕಿ ಪಕ್ಕದಲ್ಲಿ 26 ಅಂತ ಬರೆದು ವಾಪಸ್ ಕೊಟ್ಟಿದ್ದರು. ಬೇರೇನೂ ಬರೆದಿರಲಿಲ್ಲ. ಸರಿಯಾದ ಉತ್ತರ 52,500. ಪೂರ್ತಿ 7,000 ರೂಪಾಯಿ ವ್ಯತ್ಯಾಸ. ಒಬ್ಬ ಟೈಲರ್‌ಗೆ ಅದು ಸಣ್ಣ ದುಡ್ಡಲ್ಲ.

ನಮ್ಮಲ್ಲಿ ಲೆಕ್ಕ ಹಾಕುವುದು ಸಾಫ್ಟ್‌ವೇರ್. ನಾನು ಪ್ರಿಂಟ್ ತೆಗೆಯುತ್ತೇನೆ, ಅಷ್ಟೇ. 26 ಎಲ್ಲಿಂದ ಬಂತು ಅಂತ ಒಂದು ದಿನವೂ ಕೇಳಿರಲಿಲ್ಲ. ತಿಂಗಳಲ್ಲಿ ವಾರಕ್ಕೊಂದರಂತೆ ನಾಲ್ಕು ದಿನದ ರಜೆ ತೆಗೆದರೆ ಉಳಿಯುವ ಕೆಲಸದ ದಿನ 26, ಅದಕ್ಕೇ 26. ಇಷ್ಟು ಸಣ್ಣ ವಿಷಯ. ಅವತ್ತು ನಾಚಿಕೆ ಆಯಿತು, ಆದರೆ ಎಂಬಿಎಗೆ ಕಟ್ಟಿದ ದುಡ್ಡು ದಂಡ ಅಲ್ಲ ಅನ್ನಿಸಿದ್ದೂ ಅವತ್ತೇ.

ಸೇರಬೇಕು ಅನ್ನುವ ಆಸೆ ಹುಟ್ಟಿದ್ದು ಅದಕ್ಕೂ ಐದು ವರ್ಷ ಮೊದಲು, 2016ರ ಏಪ್ರಿಲ್‌ನಲ್ಲಿ. ಪಿಎಫ್‌ನಲ್ಲಿ ಮಾಲೀಕರ ಪಾಲಿನ ದುಡ್ಡನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ ಆ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತ್ತು. ಏಪ್ರಿಲ್ 18ರಂದು ಹೊಸೂರು ರಸ್ತೆ ಕಡೆಯ ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದರು. ಮಾರನೇ ದಿನ ನಮ್ಮ ತುಮಕೂರು ರಸ್ತೆಗೂ ಬಂತು, ಜಾಲಹಳ್ಳಿ ಕ್ರಾಸ್‌ನಲ್ಲಿ ಬಸ್ಸಿಗೆ ಬೆಂಕಿ ಬಿತ್ತು. ಅವತ್ತೇ ಸರ್ಕಾರ ನಿಯಮವನ್ನು ವಾಪಸ್ ತೆಗೆದುಕೊಂಡಿತು. ಆ ಗಲಾಟೆಗೆ ಮೊದಲು ನಮ್ಮ ಟೈಮ್ ಆಫೀಸಿನ ಕಿಟಕಿಯ ಹತ್ತಿರ ಹೆಂಗಸರು ದಿನಾ ಬಂದು ನಿಲ್ಲುತ್ತಿದ್ದರು. "ಮೇಡಂ, ನಮ್ ದುಡ್ಡು ನಮಗೆ ಯಾಕೆ ಕೊಡಲ್ವಂತೆ?" ನನಗೆ ಫಾರಂ ತುಂಬಲು ಗೊತ್ತು, ಉತ್ತರ ಹೇಳಲು ಗೊತ್ತಿರಲಿಲ್ಲ. "ಮೇಲಿಂದ ಬಂದಿರೋದು ಅಕ್ಕ" ಅಂದುಬಿಡುತ್ತಿದ್ದೆ. ಆ ಮಾತು ನೆನಪಾದರೆ ಈಗಲೂ ಮುಜುಗರ.

2021ರಲ್ಲಿ ಕೊನೆಗೂ ಸೇರಿದೆ. ಕೆಲಸ ಬಿಡುವ ಪ್ರಶ್ನೆಯೇ ಇರಲಿಲ್ಲ, ಹಾಗಾಗಿ ಮುಕ್ತ ವಿಶ್ವವಿದ್ಯಾಲಯದ ಎಂಬಿಎ, ಎಚ್‌ಆರ್ ವಿಷಯ. ಸೇರುವ ಮುಂಚೆ ಮಾಡಿದ ಒಂದೇ ಬುದ್ಧಿವಂತ ಕೆಲಸ ಅಂದರೆ, ಆ ವರ್ಷ ಆ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ವಿಭಾಗದ ಒಪ್ಪಿಗೆ ಇದೆಯಾ ಅಂತ ಪಟ್ಟಿಯಲ್ಲಿ ನೋಡಿಕೊಂಡಿದ್ದು. ಹೋದ ವರ್ಷ ಇತ್ತು ಅನ್ನುವ ಮಾತಿಗೆ ಬೆಲೆ ಇಲ್ಲ, ನೀವು ಸೇರುವ ವರ್ಷ ಇರಬೇಕು. ಒಪ್ಪಿಗೆ ಇದ್ದರೆ ಈ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಅಂತ ಯುಜಿಸಿ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಫೀಸು ಸೆಮಿಸ್ಟರ್‌ಗೊಮ್ಮೆ. ಒಂದು ಸೆಮಿಸ್ಟರಿನದು ದೀಪಾವಳಿ ಬೋನಸ್ಸಿನಲ್ಲಿ ಹೋಯಿತು, ಇನ್ನೊಂದಕ್ಕೆ ಚೀಟಿ ಎತ್ತಿದೆ.

ಎರಡು ವರ್ಷದ ಕೋರ್ಸು ನನಗೆ ಮೂರು ವರ್ಷ ಹಿಡಿಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಸಮಯ ಎಲ್ಲಿ ಸಿಗುತ್ತೆ ಅಂತ ಎಲ್ಲರೂ ಕೇಳುತ್ತಾರೆ. ನಾನು ಮೊದಲು ಭಾನುವಾರ ಪೂರ್ತಿ ಓದುತ್ತೇನೆ ಅಂತ ಲೆಕ್ಕ ಹಾಕಿದ್ದೆ. ಭಾನುವಾರ ಅಂದರೆ ಬಟ್ಟೆ, ನೆಂಟರು, ಮಗಳ ಹೋಂವರ್ಕ್. ಮೂರು ತಿಂಗಳಲ್ಲಿ ಒಂದು ಭಾನುವಾರವೂ ಎರಡು ಗಂಟೆ ಒಟ್ಟಿಗೆ ಕೂರಲಿಲ್ಲ. ಕೊನೆಗೆ ಕೂತಿದ್ದು ಬೆಳಗ್ಗೆ 5ರಿಂದ 6, ಅಡುಗೆಮನೆಯಲ್ಲಿ, ಚಾಪೆ ಹಾಕಿಕೊಂಡು. ಹಾಲ್‌ನಲ್ಲಿ ಲೈಟ್ ಹಾಕಿದರೆ ಅತ್ತೆಗೆ ಎಚ್ಚರ ಆಗುತ್ತೆ. 6ಕ್ಕೆ ಕುಕ್ಕರ್ ಇಟ್ಟರೆ ಮುಗಿಯಿತು, ಆಮೇಲೆ ಪುಸ್ತಕ ಮುಟ್ಟುತ್ತಿರಲಿಲ್ಲ. ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗುವುದೂ ಬಿಟ್ಟೆ. ಓದದಿದ್ದರೂ ಭಾರ ಹೊತ್ತುಕೊಂಡು ತಿರುಗಿದ ಹಾಗೆ ಅಲ್ವಾ?

ಇನ್ನೊಂದು ವಿಷಯ ತಡವಾಗಿ ಅರ್ಥವಾಯಿತು. ನಮ್ಮಲ್ಲಿ 7ನೇ ತಾರೀಖಿನೊಳಗೆ ಬಟವಾಡೆ ಆಗಬೇಕು. 1ರಿಂದ 7ರವರೆಗೆ ಹಾಜರಿ, ಓಟಿ, ಕಡಿತ, ಅದರ ಮೇಲೆ ಜಗಳ. ಆ ವಾರ ಬೆಳಗ್ಗೆ ಎದ್ದರೂ ತಲೆಯಲ್ಲಿ ಓಡುವುದು ಮಸ್ಟರ್ ರೋಲೇ, ಅದೇ ಹಾಜರಿ ಪಟ್ಟಿ. ಮೊದಲ ಸೆಮಿಸ್ಟರಿನಲ್ಲಿ ಆ ವಾರವೂ ಓದಬೇಕು ಅಂತ ಹಟ ಹಿಡಿದು, ಆಗದೆ, ಬೇಜಾರಾಗಿ, ಮುಂದಿನ ವಾರವನ್ನೂ ಹಾಳು ಮಾಡಿಕೊಂಡೆ. ಎರಡನೇ ಸೆಮಿಸ್ಟರ್‌ನಿಂದ ತಿಂಗಳಿಗೆ ಮೂರೇ ವಾರ ಅಂತ ಇಟ್ಟುಕೊಂಡೆ. ಬಟವಾಡೆ ವಾರ ನಿದ್ದೆ.

ನಿಜವಾದ ಕಷ್ಟ ಸಮಯದ್ದಲ್ಲ, ಇಂಗ್ಲಿಷಿನದು. ನಾನು ತುಮಕೂರಿನಲ್ಲಿ ಬಿಕಾಂ ಮಾಡಿದವಳು. ಇಂಗ್ಲಿಷ್ ಓದಲು ಬರುತ್ತೆ. ಆದರೆ ಈ ಪುಸ್ತಕಗಳ ಇಂಗ್ಲಿಷ್ ಬೇರೆ. ಒಂದು ಪುಟ ಓದಿದರೆ ಪ್ರತಿ ಪದ ಗೊತ್ತು, ಪುಟ ಏನು ಹೇಳಿತು ಗೊತ್ತಿಲ್ಲ. ಹೈಲೈಟರ್ ಹಾಕಿದೆ, ಗೆರೆ ಎಳೆದೆ, ಪುಸ್ತಕ ಬಣ್ಣಬಣ್ಣ ಆಯಿತು, ತಲೆ ಮಾತ್ರ ಖಾಲಿ.

ಆಗ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ನಿಯಮ ಒಂದೇ: ಪ್ರತಿ ಪಾಠಕ್ಕೂ ನಮ್ಮ ಫ್ಯಾಕ್ಟರಿಯ ಒಬ್ಬರನ್ನು ಹಿಡಿಯಬೇಕು, ಅವರ ಕಥೆಯನ್ನು ಕನ್ನಡದಲ್ಲಿ ಬರೆಯಬೇಕು. ಹರ್ಜ್‌ಬರ್ಗ್ ಅನ್ನುವವರು, ಸಂಬಳ, ಕ್ಯಾಂಟೀನ್, ಸೂಪರ್‌ವೈಸರ್ ಇವೆಲ್ಲ ಸರಿ ಇಲ್ಲದಿದ್ದರೆ ಜನ ಬೇಸರಪಡುತ್ತಾರೆ, ಸರಿ ಇದ್ದ ಮಾತ್ರಕ್ಕೆ ಹುರುಪು ಬರಲ್ಲ ಅಂತ 1959ರಲ್ಲಿ ಬರೆದರು. ಇದಕ್ಕೆ ನಾನು ಬರೆದದ್ದು ಸ್ಯಾಂಪಲ್ ಸೆಕ್ಷನ್ನಿನ ಒಬ್ಬ ಅಕ್ಕನ ಬಗ್ಗೆ. ಪಕ್ಕದ ಫ್ಯಾಕ್ಟರಿಯಲ್ಲಿ 500 ರೂಪಾಯಿ ಜಾಸ್ತಿ ಕೊಡುತ್ತೇವೆ ಅಂದರೂ ಹೋಗಲಿಲ್ಲ. ಯಾಕಕ್ಕ ಅಂದರೆ, "ಇಲ್ಲಿ ಪೂರ್ತಿ ಷರ್ಟು ನಾನೇ ಹೊಲೀತೀನಿ. ಅಲ್ಲಿ ಹೋದ್ರೆ ಬರೀ ಕಾಲರ್ರು." ಪರೀಕ್ಷೆಯಲ್ಲಿ ಹರ್ಜ್‌ಬರ್ಗ್ ಬಂದಾಗ ನನಗೆ ಪುಸ್ತಕ ನೆನಪಾಗಲಿಲ್ಲ, ಆ ಕಾಲರ್ ನೆನಪಾಯಿತು. ಅಲ್ಲಿಂದ ಹಿಂದಕ್ಕೆ ಹೋಗಿ ಇಂಗ್ಲಿಷಿನಲ್ಲಿ ಬರೆದೆ. ವ್ಯಾಕರಣ ಹೇಗಿತ್ತೋ, ಮಾರ್ಕ್ಸ್ ಬಂತು.

ಹಾಥಾರ್ನ್ ಪ್ರಯೋಗ ಓದಿದಾಗಂತೂ ನಗು ಬಂತು. ಷಿಕಾಗೋ ಹತ್ತಿರ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಫ್ಯಾಕ್ಟರಿ. 1924ರಲ್ಲಿ ಬೆಳಕು ಜಾಸ್ತಿ ಮಾಡಿದರೆ ಕೆಲಸ ಜಾಸ್ತಿ ಆಗುತ್ತಾ ಅಂತ ನೋಡಲು ಶುರು ಮಾಡಿದರು. ಬೆಳಕು ಹೆಚ್ಚಿಸಿದರೂ ಕೆಲಸ ಏರಿತು, ತಗ್ಗಿಸಿದರೂ ಏರಿತು. ಯಾರೋ ತಮ್ಮನ್ನು ಗಮನಿಸುತ್ತಿದ್ದಾರೆ ಅನ್ನುವುದೇ ಜನರನ್ನು ಬದಲಿಸಿತು ಅಂತ ಪಾಠ ಹೇಳುತ್ತೆ. ನಮ್ಮಲ್ಲಿ ಬಟ್ಟೆ ಕೊಳ್ಳುವ ಬೈಯರ್ ಕಡೆಯವರು ಆಡಿಟ್‌ಗೆ ಬಂದ ದಿನ ಇದೇ. ಅವರು ಪ್ಯಾಡ್ ಹಿಡಿದು ನಿಂತರೆ ಸಾಕು, ಯಾವತ್ತೂ ಟಾರ್ಗೆಟ್ ಮುಟ್ಟದ ನಾಲ್ಕನೇ ಲೈನ್ ನಾಲ್ಕೂವರೆಗೇ ಮುಟ್ಟಿರುತ್ತೆ. ಇಷ್ಟು ಚೆನ್ನಾಗಿ ಅರ್ಥವಾದ ಪಾಠವನ್ನು ನಾನೇ ಮರೆತು ಬೀಳುತ್ತೇನೆ ಅಂತ ಗೊತ್ತಿರಲಿಲ್ಲ. ಅದು ಪ್ರಾಜೆಕ್ಟ್ ಹೊತ್ತಿಗೆ.

ಅದಕ್ಕೆ ಮುಂಚೆ ಬಿದ್ದಿದ್ದು ಸ್ಟ್ಯಾಟಿಸ್ಟಿಕ್ಸ್‌ನಲ್ಲಿ. ಬಿಕಾಂ ಮಾಡಿದವಳು, ಲೆಕ್ಕ ಏನು ಮಹಾ ಅಂತ ಕೊನೆಗೆ ಇಟ್ಟುಕೊಂಡೆ. ಪ್ರೊಬೆಬಿಲಿಟಿ ಕೈಗೆ ಹತ್ತಲಿಲ್ಲ, ಫೇಲಾದೆ. ಸಾಲದ್ದಕ್ಕೆ ಅದೇ ಸಮಯದಲ್ಲಿ ಆಡಿಟ್ ಬಂದು ಎರಡು ಅಸೈನ್‌ಮೆಂಟ್ ಕೊನೆಯ ದಿನಾಂಕ ದಾಟಿಹೋಯಿತು. ಅಸೈನ್‌ಮೆಂಟಿಗೆ 30, ಪರೀಕ್ಷೆಗೆ 70. ಎರಡರಲ್ಲೂ ಬೇರೆಬೇರೆಯಾಗಿ ಪಾಸಾಗಬೇಕು. ಪರೀಕ್ಷೆ ಎಷ್ಟು ಚೆನ್ನಾಗಿ ಬರೆದರೂ ಅಸೈನ್‌ಮೆಂಟ್ ಹೋಗದಿದ್ದರೆ ಆ ಪೇಪರ್ ಹಾಗೇ ನಿಂತಿರುತ್ತೆ. ಹೀಗೆ ಮೂರನೇ ವರ್ಷ. ಮನೆಯವರು ಏನೂ ಅನ್ನಲಿಲ್ಲ. ಮಗಳು ಮಾತ್ರ "ಅಮ್ಮ, ನೀನು ಡುಮ್ಕಿನಾ?" ಅಂತ ಅಜ್ಜಿಯ ಮುಂದೆಯೇ ಕೇಳಿದಳು.

ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಗೈರುಹಾಜರಿ. ಪ್ರಶ್ನಾವಳಿ ಕನ್ನಡದಲ್ಲಿ ಮಾಡಿದೆ. "ಸಂಪೂರ್ಣ ಒಪ್ಪುತ್ತೇನೆ"ಯಿಂದ "ಒಪ್ಪುವುದೇ ಇಲ್ಲ"ದವರೆಗೆ ಐದು ಖಾನೆ. ಲೈನ್ ಸೂಪರ್‌ವೈಸರ್‌ಗಳ ಕೈಯಲ್ಲಿ ಕೊಟ್ಟು ತುಂಬಿಸಿಕೊಂಡು ಬನ್ನಿ ಅಂದೆ. ಸಂಜೆಗೆ ಕಟ್ಟು ವಾಪಸ್ ಬಂತು. ನೋಡಿದರೆ ಎಲ್ಲರೂ ಮೊದಲ ಖಾನೆಗೇ ಟಿಕ್! ಕ್ಯಾಂಟೀನ್ ಚೆನ್ನಾಗಿದೆ, ಸೂಪರ್‌ವೈಸರ್ ಗೌರವ ಕೊಡುತ್ತಾರೆ, ಕೆಲಸದ ಒತ್ತಡ ಇಲ್ಲ. ಇಷ್ಟು ಸುಖವಾಗಿದ್ದರೆ ಸೋಮವಾರ ಯಾಕೆ ಮಷಿನ್‌ಗಳು ಖಾಲಿ ಇರುತ್ತವೆ? ಸೂಪರ್‌ವೈಸರ್ ಪಕ್ಕದಲ್ಲೇ ನಿಂತು ಬರೆಸಿದ್ದರು. ಕಾಗದ ಬಂದಿದ್ದು ಎಚ್‌ಆರ್‌ನಿಂದ. ಪ್ಯಾಡ್ ಹಿಡಿದು ನಿಂತ ಆಡಿಟರ್ ಈ ಸಲ ನಾನೇ ಆಗಿದ್ದೆ.

ಆ ಕಟ್ಟನ್ನು ಬದಿಗಿಟ್ಟೆ. ಎರಡನೇ ಸಲ ಊಟದ ಹೊತ್ತಿನಲ್ಲಿ ಕೆಲಸಗಾರರ ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್‌ನ ಒಳಗೆ ಕೂತೆ. ಅಲ್ಲಿಗೆ ಸೂಪರ್‌ವೈಸರ್‌ಗಳು ಬರಲ್ಲ. ಹೆಸರು ಬೇಡ, ಟೋಕನ್ ನಂಬರ್ ಬೇಡ, ಖಾನೆಯೂ ಬೇಡ. ಕೇಳಿದ್ದು ಒಂದೇ: "ಹೋದ ತಿಂಗಳು ರಜೆ ಹಾಕಿದ್ರಲ್ಲ, ಅವತ್ತು ಏನಾಗಿತ್ತು?" ಆಗ ಬಂತು ನೋಡಿ. ಮಗುವಿಗೆ ಜ್ವರ. ಇಎಸ್‌ಐ ಆಸ್ಪತ್ರೆಗೆ ಹೋದರೆ ಇಡೀ ದಿನ ಬೇಕು. ಊರಲ್ಲಿ ಜಾತ್ರೆ, ರಾತ್ರಿ ಬಸ್ಸು ತಪ್ಪಿತು. ಸಂಘದ ಕಂತು ಕಟ್ಟುವ ದಿನ, ಕೈಯಲ್ಲಿ ದುಡ್ಡಿರಲಿಲ್ಲ, ಹೋಗಿ ಕೈಕಾಲು ಹಿಡಿಯಬೇಕಿತ್ತು. ಒಬ್ಬರು ಅಂದದ್ದು ಹೀಗೆ: "ಅರ್ಧ ಗಂಟೆ ಲೇಟಾದ್ರೆ ಗೇಟಲ್ಲಿ ಎಲ್ಲರ ಮುಂದೆ ಬೈಸ್ಕೋಬೇಕು ಮೇಡಂ. ಅದಕ್ಕಿಂತ ಅವತ್ತು ಬರದೇ ಇರೋದೇ ವಾಸಿ." ಲೇಟಾಗಿ ಬಂದವರನ್ನು ಗೇಟಿನಲ್ಲಿ ಸಾಲಾಗಿ ನಿಲ್ಲಿಸಿ ಹೆಸರು ಬರೆದುಕೊಳ್ಳುತ್ತಿದ್ದದ್ದು ನಮ್ಮ ಟೈಮ್ ಆಫೀಸೇ. ಬರೆದುಕೊಳ್ಳುತ್ತಿದ್ದವಳು ನಾನೇ.

ಆ ಮಾತನ್ನೂ ರಿಪೋರ್ಟಿನಲ್ಲಿ ಹಾಕಿದೆ. ಫ್ಯಾಕ್ಟರಿಯಲ್ಲಿ ಗೇಟಿನ ಸಾಲು ನಿಂತಿತು, ಈಗ ಲೇಟ್ ಪಂಚ್ ಮಾತ್ರ. ಗೈರುಹಾಜರಿ ಅದರಿಂದಲೇ ಇಳಿಯಿತು ಅಂತ ಹೇಳಲಾರೆ, ಸ್ಟ್ಯಾಟಿಸ್ಟಿಕ್ಸ್ ಎರಡು ಸಲ ಓದಿದವಳು ನಾನು!

ಓದಿದ್ದು ಕೆಲಸಕ್ಕೆ ಬಂದ ಇನ್ನೊಂದು ಸಂದರ್ಭ. ಇಬ್ಬರು ಹುಡುಗರು ಕಟಿಂಗ್ ಸೆಕ್ಷನ್ನಿನಲ್ಲಿ ಹೊಡೆದಾಡಿಕೊಂಡಿದ್ದರು. ಚಾರ್ಜ್‌ಶೀಟ್‌ಗೆ ಸಹಿ ಹಾಕಿದ ಮ್ಯಾನೇಜರೇ ಎನ್‌ಕ್ವೈರಿ ಆಫೀಸರ್ ಆಗಿಯೂ ಕೂರುತ್ತೇನೆ ಅಂದರು. ಮೊದಲಾಗಿದ್ದರೆ ಸುಮ್ನೆ ಟೈಪ್ ಮಾಡಿ ಕೊಡುತ್ತಿದ್ದೆ. "ಸರ್, ಆರೋಪ ಹೊರಿಸಿದವರೇ ತೀರ್ಪು ಕೊಟ್ಟರೆ ಲೇಬರ್ ಕೋರ್ಟಿನಲ್ಲಿ ನಿಲ್ಲಲ್ಲ" ಅಂದೆ. ಅವರಿಗೆ ಸಿಟ್ಟು ಬಂತು. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಹೊರಗಿನ ಒಬ್ಬ ವಕೀಲರನ್ನು ಕರೆಸಿದರು.

ಸಂಬಳ ಜಾಸ್ತಿ ಆಯಿತಾ ಅಂತ ಕೇಳುವವರಿಗೆ: ಸ್ವಲ್ಪ. ಅಸಿಸ್ಟೆಂಟ್ ಇದ್ದವಳು 2024ರಲ್ಲಿ ಎಕ್ಸಿಕ್ಯುಟಿವ್ ಆದೆ. ಅದೇ ಕುರ್ಚಿ, ಅದೇ ಕಿಟಕಿ. ಬೇರೆ ಕಡೆ ಹೋಗಿದ್ದರೆ ಇನ್ನೂ ಸಿಗುತ್ತಿತ್ತೇನೋ. ಮಗಳ ಸ್ಕೂಲ್ ಹತ್ತಿರ ಇದೆ ಅಂತ ಹೋಗಲಿಲ್ಲ. ಬರೀ ಸಂಬಳಕ್ಕಾಗಿ ಸೇರುವುದಾದರೆ, ಮೂರು ವರ್ಷದ ಬೆಳಗಿನ ನಿದ್ದೆಗೆ ಅದು ಒಳ್ಳೆ ರೇಟಲ್ಲ.

ತಮಾಷೆ ಅಂದರೆ, ನಾನು ಬಾಯಿಪಾಠ ಮಾಡಿದ ಕಾನೂನುಗಳೇ ಈಗ ಹೋದವು. 2025ರ ನವೆಂಬರ್ 21ರಿಂದ ಹಳೆಯ 29 ಕಾಯ್ದೆಗಳ ಜಾಗದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ. 500 ಜನ ಇದ್ದರೆ ವೆಲ್ಫೇರ್ ಆಫೀಸರ್ ಬೇಕು ಅಂತ 1948ರ ಫ್ಯಾಕ್ಟರಿ ಕಾಯ್ದೆಯ ಕಲಂ 49 ಓದಿ ಬರೆದಿದ್ದೆ, ಈಗ ಅದು 250. ಗ್ರಾಚ್ಯುಟಿಗೆ ಐದು ವರ್ಷ ಅಂತಿತ್ತು, ಈಗ ನಿಗದಿತ ಅವಧಿಗೆ ಸೇರಿದವರಿಗೆ ಒಂದೇ ವರ್ಷ ಸಾಕು. ಮತ್ತೆ ಬೆಳಗ್ಗೆ 5ಕ್ಕೆ ಏಳುತ್ತಿದ್ದೇನೆ, ಈ ಸಲ ಫೀಸಿಲ್ಲದೆ.

ನಮ್ಮ ಟೈಮ್ ಆಫೀಸಿಗೆ ಹೊಸದಾಗಿ ಬಂದ ಹುಡುಗಿ ಈ ವರ್ಷ ಇದೇ ಕೋರ್ಸಿಗೆ ಸೇರಿದ್ದಾಳೆ. "ಅಕ್ಕ, ನಿಮ್ಮ ನೋಟ್‌ಬುಕ್ ಕೊಡ್ತೀರಾ?" ಅಂದಳು. ಒಂದು ವಾರ ಟೈಮ್ ಕೇಳಿದೆ. ಕಾನೂನಿನ ಪುಟಗಳಲ್ಲಿ ಬದಲಾದದ್ದನ್ನೆಲ್ಲ ಪೆನ್ಸಿಲ್‌ನಲ್ಲಿ ಹೊಡೆದು, ಪಕ್ಕದಲ್ಲಿ ಹೊಸದು ಬರೆದು ಕೊಟ್ಟೆ. ಗ್ರಾಚ್ಯುಟಿ ಪುಟದಲ್ಲಿ 26 ಹಾಗೇ ಇದೆ. ಅದರ ಕೆಳಗೆ "ಯಾಕೆ ಅಂತ ನೀನೇ ಹೇಳು" ಅಂತ ಬರೆದಿದ್ದೇನೆ. ಇನ್ನೂ ಬಂದು ಹೇಳಿಲ್ಲ, ಬಟವಾಡೆ ವಾರ ನಡೀತಿದೆ.