ಕಾಫಿ ಎಲೆಯ ಕೋಶಗಳಲ್ಲಿ ಆರ್‌ಎನ್‌ಎ ಗುರುತಿಸುವ ಕ್ರಮ

ಚಿಕ್ಕಮಗಳೂರಿನ ತೋಟದಿಂದ ತಂದ ಕಾಫಿ ಎಲೆಯಲ್ಲಿ ನಿರ್ದಿಷ್ಟ ಜೀನ್ ಯಾವ ಕೋಶದಲ್ಲಿ ಸಕ್ರಿಯವಾಗಿದೆ ಎಂದು ತಿಳಿಯಬೇಕಾದರೆ ಎಲೆಯನ್ನು ಅರೆದು ಆರ್‌ಎನ್‌ಎ (ಸಕ್ರಿಯ ಜೀನಿನಿಂದ ತಯಾರಾಗುವ ನಕಲು) ತೆಗೆದರೆ ಸಾಲದು. ಅರೆದೊಡನೆ ಅದು ಇದ್ದ ಸ್ಥಳದ ಸುಳಿವೇ ಅಳಿಸಿಹೋಗುತ್ತದೆ.

ಎಲೆ ಕಿತ್ತ ಕೂಡಲೇ ಸಣ್ಣ ತುಂಡುಗಳನ್ನು ಶೇ. 4ರ ಪ್ಯಾರಾಫಾರ್ಮಾಲ್ಡಿಹೈಡ್ ದ್ರಾವಣದಲ್ಲಿ ಮುಳುಗಿಸಿ, ಬಳಿಕ ಮೇಣದಲ್ಲಿ ಹುದುಗಿಸಿ ತೆಳುವಾಗಿ ಸೀಳಬೇಕು. ಈ ದ್ರಾವಣದ ಆವಿ ಹಾನಿಕರವಾದ್ದರಿಂದ ಕೈಗವಸು ಮತ್ತು ಗಾಳಿಯಾಡುವ ಜಾಗ ಕಡ್ಡಾಯ.

ಮೇಣ ಕರಗಿಸಿ ತೆಗೆದ ನಂತರ ಪ್ರೋಟೀನ್ ಒಡೆಯುವ ಕಿಣ್ವವಾದ ಪ್ರೋಟೀನೇಸ್-ಕೆ ಹಾಕುವ ಹಂತವೇ ಅತ್ಯಂತ ಸೂಕ್ಷ್ಮವಾದದ್ದು. ಈ ಕಿಣ್ವ ಕಡಿಮೆಯಾದರೆ ಪ್ರೋಬ್ (ಗುರಿ ಆರ್‌ಎನ್‌ಎಗೆ ಬೆಸೆದು ಅದನ್ನು ಗುರುತಿಸುವ ತುಣುಕು) ಕೋಶದೊಳಗೆ ಇಳಿಯದು, ಹೆಚ್ಚಾದರೆ ಅಂಗಾಂಶವೇ ಹಾಳಾಗುತ್ತದೆ. ಹೀಗಾಗಿ ಮೊದಲು ನಾಲ್ಕೈದು ಸ್ಲೈಡುಗಳಲ್ಲಿ ಬೇರೆ ಬೇರೆ ಅವಧಿಗಳನ್ನು ಪರೀಕ್ಷಿಸಿ ನೋಡುವುದು ಅಗತ್ಯವೆಂದೇ ನನ್ನ ಅಭಿಪ್ರಾಯ.

ಡಿಗಾಕ್ಸಿಜೆನಿನ್ ಎಂಬ ಗುರುತಿನ ಅಣುವನ್ನು ಅಂಟಿಸಿದ ಪ್ರೋಬನ್ನು ರಾತ್ರಿಯಿಡೀ ಬೆಸೆಯಲು ಬಿಟ್ಟು, ತೊಳೆದು, ಆಲ್ಕಲೈನ್ ಫಾಸ್ಫಟೇಸ್ ಕಿಣ್ವ ಜೋಡಿಸಿದ, ಡಿಗಾಕ್ಸಿಜೆನಿನ್‌ಗೆ ಅಂಟುವ ಪ್ರತಿಕಾಯವನ್ನು ಹಾಕಬೇಕು. ಪಿಎಚ್ 9.5ರ ದ್ರಾವಣದಲ್ಲಿ ಎನ್‌ಬಿಟಿ ಮತ್ತು ಬಿಸಿಐಪಿ ಎಂಬ ಬಣ್ಣ ಕೊಡುವ ರಾಸಾಯನಿಕಗಳನ್ನು ಸೇರಿಸಿದಾಗ, ಪ್ರತಿಯೊಂದು ಕಿಣ್ವದ ಅಣುವೂ ಮತ್ತೆ ಮತ್ತೆ ಕೆಲಸ ಮಾಡಿ ಆರ್‌ಎನ್‌ಎ ಇರುವಲ್ಲೇ ನೀಲಿ-ನೇರಳೆ ಬಣ್ಣವನ್ನು ಕೂಡಿಸುತ್ತದೆ.

ಕಾಫಿ ಎಲೆಯ ಫೀನಾಲಿಕ್ ಸಂಯುಕ್ತಗಳು ತಾವಾಗಿಯೇ ಕಂದಾಗುವುದರಿಂದ, ಗುರಿ ಆರ್‌ಎನ್‌ಎಗೆ ಬೆಸೆಯದ ಸೆನ್ಸ್ ಪ್ರೋಬ್ ಹಾಕಿದ ಸ್ಲೈಡನ್ನು ಪಕ್ಕದಲ್ಲಿಟ್ಟು ಹೋಲಿಸದೆ ಫಲಿತಾಂಶವನ್ನು ನಂಬಬಾರದು.