ಸರ್ಕಾರಿ ಇಂಜಿನಿಯರಿಂಗ್ ಸೀಟು: ಆಪ್ಷನ್ ಎಂಟ್ರಿಗೆ ಮುಂಚೆ ಇದನ್ನ ಮಾಡಿ

ಹೋದ ವರ್ಷ ನಮ್ಮಕ್ಕನ ಮಗನ ಸಿಇಟಿ (ಪ್ರವೇಶ ಪರೀಕ್ಷೆ) ಕೌನ್ಸೆಲಿಂಗ್‌ಗೆ ನಾನೇ ಕೂತಿದ್ದೆ, ಅದಕ್ಕೆ ಹೇಳ್ತಿದೀನಿ. ರ‍್ಯಾಂಕ್ ಬಂದ ತಕ್ಷಣ ಈ ಸೀಟು ಹಂಚೋ ಪರೀಕ್ಷಾ ಪ್ರಾಧಿಕಾರ ಕೆಇಎ ವೆಬ್‌ಸೈಟಲ್ಲಿ ಹಳೇ ಕಟಾಫ್, ಅಂದ್ರೆ ಯಾವ ಕಾಲೇಜಲ್ಲಿ ಎಷ್ಟನೇ ರ‍್ಯಾಂಕ್‌ವರೆಗೆ ಸೀಟು ಸಿಕ್ಕಿತ್ತು ಅನ್ನೋ ಪಟ್ಟಿ, ತೆಗೀರಿ, ಆದ್ರೆ ಜನರಲ್ ಕಾಲಂ ನೋಡಿ ಗಾಬರಿ ಆಗ್ಬೇಡಿ, ನಿಮ್ಮ ಕೆಟಗರಿ, ಗ್ರಾಮೀಣ, ಕನ್ನಡ ಮಾಧ್ಯಮ ಎಲ್ಲಾ ಬೇರೆ ಬೇರೆ ಕಾಲಂ. ನಾವು ಒಂದು ನೋಟ್‌ಬುಕ್ಕಲ್ಲಿ ಪೆನ್ಸಿಲಲ್ಲಿ ಬರ್ಕೊಂಡ್ವಿ, ರಬ್ಬರ್ ಸವೆದೇ ಹೋಯ್ತು!

ಎಲ್ರೂ ಬೆಂಗಳೂರಿನ ಯುವಿಸಿಇ ಇಂಜಿನಿಯರಿಂಗ್ ಕಾಲೇಜು ಅಂತಾರೆ, ಸರಿನೇ, 1917ರಲ್ಲಿ ವಿಶ್ವೇಶ್ವರಯ್ಯನವ್ರು ಶುರು ಮಾಡಿದ್ದು, ಈಗ ಅದೇ ಒಂದು ಯೂನಿವರ್ಸಿಟಿ. ಆದ್ರೆ ಅಲ್ಲೇ ಕೆಆರ್ ಸರ್ಕಲ್ ಹತ್ರ ಇನ್ನೊಂದು ಸರ್ಕಾರಿ ಕಾಲೇಜು ಎಸ್‌ಕೆಎಸ್‌ಜೆಟಿಐ ಇದೆ, ದಾವಣಗೆರೆಯಲ್ಲಿ ಬಿಡಿಟಿ ಕಾಲೇಜಿದೆ, ಹಾಸನ, ರಾಮನಗರ, ಹಾವೇರಿ, ಚಾಮರಾಜನಗರದಲ್ಲೂ ಸರ್ಕಾರಿ ಕಾಲೇಜಿದೆ, ಅವನ್ನ ಜನ ನೋಡೋದೇ ಇಲ್ಲ.

ಮುಖ್ಯವಾದ್ದು ಇದು: ಆಪ್ಷನ್, ಅಂದ್ರೆ ಬೇಕಾದ ಕಾಲೇಜು, ಬ್ರಾಂಚ್ ಪಟ್ಟಿ, ಹಾಕುವಾಗ ಸಿಗುತ್ತೋ ಇಲ್ವೋ ಅಂತ ಲೆಕ್ಕ ಹಾಕಿ ಕೆಳಗಿನದನ್ನ ಮೇಲೆ ಹಾಕ್ಬೇಡಿ, ಮೇಲಿಂದಾನೇ ನೋಡ್ಕೊಂಡು ಬರ್ತಾರೆ, ಮೇಲಿಂದು ಸಿಕ್ಕಿಬಿಟ್ರೆ ಕೆಳಗಿಂದು ಕೇಳೋ ಹಾಗೇ ಇಲ್ಲ. ಮಗು ಆಸೆಪಟ್ಟಿದ್ದು ಫಸ್ಟು. ಯಾವ ಸೀಟು ಸಿಗಬಹುದು ಅಂತ ಮೊದಲೇ ತೋರಿಸೋ ಅಣಕು ಹಂಚಿಕೆ (ಮಾಕ್ ಅಲಾಟ್‌ಮೆಂಟ್) ಆದ್ಮೇಲೆ ಬದಲಾಯಿಸೋಕೆ ಟೈಮ್ ಕೊಡ್ತಾರೆ.

ಇನ್ನೊಂದು, ಆಗೋ ಹಾಗಿದ್ರೆ ಕಾಲೇಜಿಗೆ ಒಂದ್ಸಲ ಹೋಗಿ. ಆಫೀಸಲ್ಲಿ ಅಲ್ಲ, ಕ್ಯಾಂಟೀನಲ್ಲಿ ಥರ್ಡ್ ಇಯರ್ ಹುಡುಗರನ್ನ ಹಿಡ್ಕೊಳಿ. ಲ್ಯಾಬ್ ನಡೆಯುತ್ತಾ, ಲೆಕ್ಚರರ್ಸ್ ಇದಾರಾ, ಹಾಸ್ಟೆಲ್ ಸಿಗುತ್ತಾ ಕೇಳಿ. ನಮ್ಮ ಹುಡುಗ ಒಂದು ಟೀ ಕುಡಿಯೋದ್ರೊಳಗೆ ಲಿಸ್ಟಲ್ಲಿ ಎರಡು ಹೆಸರು ಅಳಿಸ್ದ.