ಹಳೇ ಕಂಪ್ಯೂಟರ್ ಸಿಕ್ಕಿತಾ? ಮೊದಲು ಬ್ಯಾಟರಿ ತೆಗೆಯಿರಿ

ಅಟ್ಟದಿಂದಲೋ ಗುಜರಿ ಅಂಗಡಿಯಿಂದಲೋ 386, 486 ಪ್ರೊಸೆಸರ್‌ಗಳ ಕಾಲದ, ಅಂದರೆ ಸುಮಾರು ಮೂವತ್ತು ವರ್ಷ ಹಿಂದಿನ ಕಂಪ್ಯೂಟರ್ ಮನೆಗೆ ಬಂದ ಕೂಡಲೇ ಎಲ್ಲರೂ ಪ್ಲಗ್ ಹಾಕಿ ಸ್ವಿಚ್ ಒತ್ತುತ್ತಾರೆ. ದಯವಿಟ್ಟು ಬೇಡ. ಹೀಗೆ ಹಾಳಾದ ಮದರ್‌ಬೋರ್ಡ್‌ಗಳನ್ನು (ಕಂಪ್ಯೂಟರ್‌ನೊಳಗಿನ ಮುಖ್ಯ ಬೋರ್ಡ್) ನೋಡಿ ನೋಡಿ ಹೊಟ್ಟೆ ಉರಿದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಿಂಬದಿಯ ಪವರ್ ಸಪ್ಲೈ ನೋಡಿ. ಅಲ್ಲಿ ಚಿಕ್ಕ ಕೆಂಪು ಸ್ವಿಚ್ ಇದ್ದು ಅದು 115ರಲ್ಲಿದ್ದರೆ 230ಕ್ಕೆ ತಳ್ಳಿ. ಅಮೆರಿಕದಿಂದ ಬಂದ ಯಂತ್ರವಾದರೆ ಇದನ್ನು ಮರೆಯಲೇಬಾರದು. ಆಮೇಲೆ ಮುಚ್ಚಳ ಬಿಚ್ಚಿ, ಮೆತ್ತನೆಯ ಬ್ರಷ್‌ನಿಂದ ದೂಳು ತೆಗೆಯಿರಿ. ಮಾನಿಟರ್ ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು.

ಈಗ ಬ್ಯಾಟರಿ. ಕೀಬೋರ್ಡ್ ಸಾಕೆಟ್ ಹತ್ತಿರ ಹೆಬ್ಬೆರಳ ಗಾತ್ರದ, ಸಾಮಾನ್ಯವಾಗಿ ನೀಲಿ ಬಣ್ಣದ ಉರುಳೆಯೊಂದು ಇರುತ್ತದೆ. ಮೇಲೆ 3.6 ವೋಲ್ಟ್ ಎಂದಿರುತ್ತದೆ. ಇದು ನಿಕಲ್-ಕ್ಯಾಡ್ಮಿಯಂ. ಕಂಪ್ಯೂಟರ್ ಸುಮ್ನೆ ಬಿದ್ದಿದ್ದರೂ ಇದು ಸೋರುತ್ತದೆ, ಸೋರಿದ್ದು ಬೋರ್ಡ್ ಮೇಲಿನ, ಕರೆಂಟ್ ಹರಿಯುವ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಗೆಳೆಯರೊಬ್ಬರ 386 ಆನ್ ಆಗುತ್ತಿತ್ತು, ಕೀಬೋರ್ಡ್ ಮಾತ್ರ ಕೆಲಸ ಮಾಡುತ್ತಿರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ, ಕೂದಲೆಳೆಯಂಥ ಒಂದೇ ಒಂದು ಗೆರೆ ಹಸಿರು ಪುಡಿಯಾಗಿತ್ತು.

ಗ್ಲೌಸ್ ಹಾಕಿಕೊಂಡು ಕಟರ್‌ನಿಂದ ಬ್ಯಾಟರಿಯ ಕಾಲುಗಳನ್ನು ಕತ್ತರಿಸಿ. ಕಸದ ಬುಟ್ಟಿಗೆ ಹಾಕಬೇಡಿ, ಕ್ಯಾಡ್ಮಿಯಂ ವಿಷ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.

ಜಾಸ್ತಿ ಜನ ಎಡವುವುದು ಇಲ್ಲಿಯೇ: ಅಡುಗೆ ಸೋಡಾ ಹಾಕಿ ಉಜ್ಜುತ್ತಾರೆ. ಸೋರಿರುವುದು ಆ್ಯಸಿಡ್ ಅಲ್ಲ, ಕ್ಷಾರ. ಅದಕ್ಕೆ ಬೇಕಾದದ್ದು ಬಿಳಿ ವಿನೆಗರ್. ಹಳೇ ಟೂತ್‌ಬ್ರಷ್ ಅದ್ದಿ, ಹಸಿರು ಹೋಗುವವರೆಗೆ ಮೆಲ್ಲಗೆ ಉಜ್ಜಿ. ಆಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆಯಿರಿ, ನಲ್ಲಿ ನೀರು ಬೇಡ. ಕೊನೆಗೆ 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್. ಬೆಂಗಳೂರಿನವರು ಎಸ್‌ಪಿ ರಸ್ತೆಯಲ್ಲಿ ಹುಡುಕಬಹುದು. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಲೇಬೇಡಿ, ಎಣ್ಣೆ ಉಳಿದು ದೂಳು ಅಂಟುತ್ತದೆ. ಒಂದು ದಿನ ಒಣಗಲಿ. ನಂತರ ಮಲ್ಟಿಮೀಟರ್ ಬೀಪ್‌ನಲ್ಲಿಟ್ಟು ಒಂದೊಂದೇ ಗೆರೆ ಪರೀಕ್ಷಿಸಿ; ಬೀಪ್ ಬರದಿದ್ದರೆ ಗೆರೆ ತುಂಡಾಗಿದೆ. ತುಂಡಾದ ಕಡೆ ತೆಳು ವೈರ್ ಬೆಸೆಯಿರಿ.

ಬ್ಯಾಟರಿ ಜಾಗದಲ್ಲಿ ಕಾಯಿನ್ ಸೆಲ್ ನೇರವಾಗಿ ಬೆಸೆಯುವುದು ಅಪಾಯ. ಬೋರ್ಡ್ ಅದನ್ನು ಚಾರ್ಜ್ ಮಾಡಲು ಹೋಗುತ್ತದೆ. ನಡುವೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇರಲೇಬೇಕು.

ಪವರ್ ಸಪ್ಲೈನ ಎರಡು ಪ್ಲಗ್‌ಗಳನ್ನು ಬೋರ್ಡ್‌ಗೆ ಹಾಕುವಾಗ ಕಪ್ಪು ವೈರ್‌ಗಳು ಮಧ್ಯದಲ್ಲಿ ಅಕ್ಕಪಕ್ಕ ಬರಬೇಕು. ಅದಲುಬದಲಾದರೆ ಬೋರ್ಡ್ ಸುಡುತ್ತದೆ.

ಈಗ ಆನ್ ಮಾಡಿ. ಪರದೆಯಲ್ಲಿ ಮೆಮೊರಿ ಎಣಿಕೆ ಓಡುತ್ತದೆ. ಹಾರ್ಡ್ ಡಿಸ್ಕ್ ಸಿಗಲಿಲ್ಲ ಅಂದರೆ ಗಾಬರಿ ಬೇಡ, ಸೆಟ್ಟಿಂಗ್ ಉಳಿಸಿಡುತ್ತಿದ್ದುದೇ ಆ ಬ್ಯಾಟರಿ, ಅದು ಹೋದಾಗಲೇ ಅಳಿಸಿಹೋಗಿರುತ್ತದೆ. ಡಿಸ್ಕ್ ಮೇಲಿನ ಚೀಟಿಯಲ್ಲಿ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆ ಇದ್ದರೆ ಅದನ್ನೇ ಕಂಪ್ಯೂಟರ್‌ನ ಸೆಟಪ್ ಪರದೆಯಲ್ಲಿ ತುಂಬಿ. ಡಿಸ್ಕ್ ತೆರೆದುಕೊಂಡಿತಾ? ಗೇಮ್ ಆಮೇಲೆ. ಮೊದಲು ಎಲ್ಲವನ್ನೂ ಕಾಪಿ ಮಾಡಿಕೊಳ್ಳಿ.